ಫ್ಲಾಸ್ಕಿನ ಬಿರಡೆ

ಮೂರನೆಯ ಸಲ ಬಿಚ್ಚಿ ಮೂರನೆಯ ಸಲ ಜೋಡಿಸಿದ ಪೆಟ್ರೋಲ್ ಟ್ಯಾಪಿನ ಕೆಳಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹಾಸಿ, ಶಾಂತವೀರಪ್ಪ ಮೊಣಕಾಲೂರಿ ಕಾಯುತ್ತಿದ್ದರು. ಟ್ಯಾಂಕಿನಲ್ಲಿ ಅರ್ಧ ಲೀಟರು ಪೆಟ್ರೋಲು ಇತ್ತು. ಒಂದು ನಿಮಿಷ ಏನೂ ಆಗಲಿಲ್ಲ. ಎರಡನೆಯ ನಿಮಿಷಕ್ಕೆ ಟ್ಯಾಪಿನ ಹಿಡಿಯ ಬುಡ ಒದ್ದೆಯಾಯಿತು, ಒದ್ದೆ ಒಂದು ಹನಿಯಾಗಿ ಜೋತು, ಮಾರ್ಚ್ ತಿಂಗಳ ಹದಿನಾಲ್ಕನೆಯ ತಾರೀಖಿನ ಮೇಲೆ ಬಿತ್ತು.

"ಬಿತ್ತಾ?" ಒಳಗಿನಿಂದ ಹೆಂಡತಿ ಸಿದ್ದಗಂಗಮ್ಮ ಕೇಳಿದರು.

"ಇಲ್ಲ."

"ನನಗೂ ಮೂಗಿದೆ ರೀ."

ಯಡಿಯೂರಿನ ಆ ಚಿಕ್ಕ ಮನೆಯಲ್ಲಿ ಗಾಡಿ ನಿಲ್ಲಿಸುವುದಕ್ಕೆ ಇದ್ದ ಜಾಗವೆಂದರೆ ಬಾಗಿಲ ಪಕ್ಕದ ಓಣಿಯೊಂದೇ. ಅದರ ಗೋಡೆಯ ಆಚೆಗೆ ದೇವರ ಗೂಡು, ಗೂಡಿನಲ್ಲಿ ಬೆಳಗ್ಗೆ ಸಂಜೆ ಉರಿಯುವ ದೀಪ. ಟ್ಯಾಪು ಸೋರಲು ಶುರುವಾದಾಗ ಗಂಗಮ್ಮ ಟ್ಯಾಂಕು ಖಾಲಿ ಮಾಡಿಸಿದ್ದರು. ಮೈಸೂರಿನಲ್ಲಿ ತಯಾರಾದ ಎಂಬತ್ಮೂರನೇ ಇಸವಿಯ ಆ ಮೋಟರ್ ಬೈಕು ಅಂದಿನಿಂದ ಮೂರು ವರ್ಷ ಹಳೆಯ ಬೆಡ್‌ಶೀಟು ಹೊದ್ದು ಮಲಗಿತ್ತು. ಈಗ ಮತ್ತೆ ಪೆಟ್ರೋಲು ಹಾಕಲು ಒಪ್ಪಿಗೆ ಕೊಟ್ಟಿದ್ದರು, ಆದರೆ ಒಂದು ಷರತ್ತಿನ ಮೇಲೆ. ಹನಿ ಹನಿ ಕೂಡಿದರೆ ಹಳ್ಳ, ಅದು ಪೆಟ್ರೋಲಾದರೆ ಬೆಂಕಿ, ಒಂದೇ ಒಂದು ಹನಿ ಬಿದ್ದರೂ ಭಾನುವಾರ ಆಟೋದಲ್ಲೇ ಹೋಗುವುದು ಎಂದು.

ಆಟೋದಲ್ಲಿ ಹೋದರೆ ಏನು ಗಂಟು ಹೋಗುತ್ತದೆ ಎಂದು ಯಾರಾದರೂ ಕೇಳಬಹುದು. ಮಗಳು ಲಿಖಿತಾ ಫೋನಿನಲ್ಲಿ ಅದನ್ನೇ ಕೇಳಿದ್ದಳು, ಕ್ಯಾಬ್ ಬುಕ್ ಮಾಡುತ್ತೇನೆಂದೂ ಹೇಳಿದ್ದಳು. ಶಾಂತವೀರಪ್ಪ ಬೇಡವೆಂದಿದ್ದರು. ಅದಕ್ಕೆ ಕಾರಣ ಬುಧವಾರ ಹನುಮಂತನಗರದಿಂದ ಬಂದ ಇನ್ನೊಂದು ಫೋನು.

ಫೋನು ಮಾಡಿದ್ದು ಸೀತಮ್ಮನವರು. ಮೂವತ್ತೊಂದು ವರ್ಷದ ಹಿಂದೆ ಶಾಂತವೀರಪ್ಪ ದಂಪತಿ ಅವರ ಮನೆಯ ಹಿತ್ತಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಈಗ ಅವರಿಗೆ ಎಂಬತ್ನಾಲ್ಕು. ಯಜಮಾನರು ಶಾಮಣ್ಣನವರು ತೀರಿಕೊಂಡು ಹತ್ತು ವರ್ಷವಾಗಿತ್ತು, ಕಣ್ಣುಗಳೆರಡೂ ಹೋಗಿ ಎರಡು ವರ್ಷ. ನಾಗಪುರದ ಮಗಳು ಬಂದು ಕೂತು ಸಾಮಾನೆಲ್ಲ ಕಟ್ಟಿಸುತ್ತಿದ್ದಳು, ಭಾನುವಾರ ಬೆಳಗ್ಗೆ ತಾಯಿಯನ್ನು ತನ್ನ ಜೊತೆ ಕರೆದೊಯ್ಯುವವಳಿದ್ದಳು. ಹೋಗುವ ಮುಂಚೆ ಬಂದು ನೋಡುತ್ತೇವೆ ಎಂದು ಶಾಂತವೀರಪ್ಪ ಹೇಳಿದ್ದಕ್ಕೆ ಸೀತಮ್ಮನವರು ನಕ್ಕಿದ್ದರು.

"ನೀವು ನೋಡ್ಬಹುದು, ನನಗೆ ಕಾಣ್ಬೇಕಲ್ಲ ವೀರಪ್ಪನವ್ರೇ. ಆ ಗಾಡಿ ಇದ್ಯಾ ಇನ್ನೂ? ಇದ್ರೆ ಅದ್ರಲ್ಲೇ ಬನ್ನಿ. ಸದ್ದು ಕೇಳಿದ್ರೆ ನನಗೆ ನಿಮ್ಮಿಬ್ರನ್ನೂ ನೋಡ್ದಂಗೇ."

ಬರುತ್ತೇನೆ, ಅದರಲ್ಲೇ ಬರುತ್ತೇನೆ, ಬೆಳಗ್ಗೆ ಐದೂವರೆಗೆ ಸರಿಯಾಗಿ ಬರುತ್ತೇನೆ ಎಂದು ಶಾಂತವೀರಪ್ಪ ಮಾತು ಕೊಟ್ಟುಬಿಟ್ಟರು. ಟ್ಯಾಪು ನೆನಪಾದದ್ದು ಫೋನು ಇಟ್ಟ ಮೇಲೆ.

ಅವರು ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತವರು. ಕೂದಲೆಳೆಯ ಅಳತೆ ಬೆರಳಿಗೆ ತಿಳಿಯುತ್ತಿತ್ತು. ಒಂದು ಟ್ಯಾಪು ನನ್ನನ್ನೇನು ಆಟವಾಡಿಸೀತು ಎಂಬ ಜಂಬವೂ ಸ್ವಲ್ಪ ಇತ್ತೆನ್ನಿ. ಗುರುವಾರ ಜೆ.ಸಿ. ರಸ್ತೆಗೆ ಹೋದರು. ಅಂಗಡಿಯವನು ಅಸಲಿ ಟ್ಯಾಪು ಬರುವುದು ನಿಂತು ಕಾಲವಾಯಿತೆಂದು ಹೇಳಿ ಯಾವುದೋ ನಕಲಿ ಕೊಟ್ಟ. ಅದು ಟ್ಯಾಂಕಿನ ಬಾಯಿಗೆ ಕೂರಲೇ ಇಲ್ಲ. ಹಳೆಯದನ್ನೇ ಹೊಸದು ಮಾಡುವುದೆಂದು ಶುಕ್ರವಾರ ಊಟದ ಮೇಜಿನ ಮೇಲೆ ಪೇಪರು ಹಾಸಿಕೊಂಡು ಕೂತರು.

ಟ್ಯಾಪಿನ ಮುಖದ ತಗಡನ್ನು ಎರಡು ರಿವೆಟ್ ಹೊಡೆದು ಮುಚ್ಚಿದ್ದರು. ಒಮ್ಮೆ ಮುಚ್ಚಿದರೆ ಬಿಚ್ಚುವ ಮಾತಿಲ್ಲ, ಕೆಟ್ಟರೆ ಎಸೆಯಬೇಕು, ಅಂಥ ಕಟ್ಟು. ಶಾಂತವೀರಪ್ಪ ರಿವೆಟ್‌ಗಳನ್ನು ಡ್ರಿಲ್ಲಿನಿಂದ ಕೊರೆದು ತೆಗೆದರು. ಅದೇ ತೂತುಗಳಿಗೆ ಒಳಗಿನಿಂದ ಥ್ರೆಡ್ ಹೊಡೆದು ಸಣ್ಣ ಸ್ಕ್ರೂ ಕೂರಿಸಿದರು, ಇನ್ನು ಮುಂದೆ ಬೇಕೆಂದಾಗ ಬಿಚ್ಚಬಹುದು. ಗಾಜಿನ ತುಂಡಿನ ಮೇಲೆ ನಯವಾದ ಉಪ್ಪುಕಾಗದ ಹರವಿ, ಟ್ಯಾಪಿನ ಮುಖವನ್ನು ಕನ್ನಡಿಯಂತೆ ಸಮ ಬರುವವರೆಗೆ ಉಜ್ಜಿದರು. ಸೋತ ಸ್ಪ್ರಿಂಗಿನ ಕೆಳಗೆ ತಾಮ್ರದ ತಗಡಿನ ಬಿಲ್ಲೆಯೊಂದನ್ನು ಕತ್ತರಿಸಿ ಇಟ್ಟರು. ಗೆರೆ ಎಳೆದಂಥ ಅಚ್ಚುಕಟ್ಟಾದ ಕೆಲಸ. ಉಳಿದದ್ದು ಹಿಡಿಗೂ ಮೈಗೂ ನಡುವೆ ಕೂತು ಪೆಟ್ರೋಲು ತಡೆಯುವ ವಾಷರು ಮಾತ್ರ. ರಬ್ಬರಿನದು ಮಾಡಿ ಹಾಕಿದರು. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರಲ್ಲ, ರಬ್ಬರು ಒಂದೇ ರಾತ್ರಿಗೆ ಹಪ್ಪಳದಂತೆ ಉಬ್ಬಿ ಹಿಡಿ ತಿರುಗದಾಯಿತು. ಇನ್ನೊಂದು ಜಾತಿಯ ರಬ್ಬರು ಹಾಕಿದರು, ಅದರ ಗತಿ ಮಾರ್ಚ್ ಹದಿನಾಲ್ಕರ ಮೇಲೆ ಕಂಡಿತು.

ಕಾರ್ಖಾನೆಯಿಂದ ಬಂದಾಗ ಅದರಲ್ಲಿದ್ದದ್ದು ಕಾರ್ಕಿನ ವಾಷರು. ಕಾರ್ಕೇ ಬೇಕು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಶಾಂತವೀರಪ್ಪನವರಿಗೆ ಜ್ಞಾನೋದಯವಾದದ್ದು ಇಷ್ಟು. ಆದರೆ ಕಾರ್ಕು ಎಲ್ಲಿ? ಮಹಡಿಯ ಬಾಡಿಗೆದಾರ ಸೋಮನಾಥ್, ವೈನ್ ಬಾಟಲಿಯಲ್ಲಿ ಇರುತ್ತದಲ್ಲ ಸಾರ್, ಎಂದ. ಎದೆಯ ಮೇಲೆ ಲಿಂಗ, ಹಣೆಯ ಮೇಲೆ ಮೂರು ಬೆರಳ ವಿಭೂತಿ ಇಟ್ಟುಕೊಂಡು ಅರವತ್ತೆಂಟರ ವಯಸ್ಸಿನಲ್ಲಿ ಮೊದಲ ಸಲ ವೈನ್ ಶಾಪಿನ ಕಟಕಟೆಯ ಮುಂದೆ ಹೋಗಿ ನಿಂತು, ಬಾಟಲಿ ಬೇಡ, ಬರೀ ಮುಚ್ಚಳ ಕೊಡಿ ಎಂದು ಕೇಳುವುದನ್ನು ಅವರು ಮನಸ್ಸಿನಲ್ಲೇ ಒಮ್ಮೆ ಆಡಿ ನೋಡಿದರು. ಅಂಗಡಿಯ ಎದುರಿನ ಫುಟ್‌ಪಾತಿನವರೆಗೂ ಹೋದರು. ಕೆರೆಯ ಸುತ್ತ ದಿನವೂ ಜೊತೆಗೆ ವಾಕಿಂಗ್ ಮಾಡುವ ಯಲ್ಲಯ್ಯನವರು ಅದೇ ಹೊತ್ತಿಗೆ ಎದುರಾಗಿ, ಏನು ಇಲ್ಲಿ ಎನ್ನಲು, ಬಸ್ಸಿಗೆ ಎಂದು ಹೇಳಿ ಮನೆಗೆ ನಡೆದೇ ಬಂದರು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಕೈತೊಳೆಯಲು ಹಿತ್ತಲಿಗೆ ಹೋದರೆ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಹೆಬ್ಬೆರಳಿಗಿಂತ ದಪ್ಪದ ಕಾರ್ಕೊಂದು ಕೂತಿತ್ತು. ಯಾವುದೋ ಹಳೆಯ ಜೇನುತುಪ್ಪದ ಬಾಟಲಿಯದಿರಬೇಕು ಎಂದುಕೊಂಡರು. ಹೆಂಡತಿಯನ್ನು ಕೇಳೋಣವೆಂದರೆ ಅವರು ತರಕಾರಿಗೆ ಹೋಗಿದ್ದರು. ಕೇಳಿ ಮಾಡುವ ತಾಳ್ಮೆಯೂ ಆಗ ಇರಲಿಲ್ಲ.

ಬ್ಲೇಡಿನಿಂದ ಸೀಳಿದ ಮೊದಲ ಬಿಲ್ಲೆ ಒಣಗಿ ಪುಡಿಪುಡಿಯಾಯಿತು. ಎರಡನೆಯದು ಸರಿಯಾಗಿಯೇ ಬಂತು, ತೂತು ಕೊರೆಯುವಾಗ ಬಿರಿಯಿತು. ಆಮೇಲೆ ಬುದ್ಧಿ ಬಂದು, ಉಳಿದ ಕಾರ್ಕನ್ನು ಕಾಫಿ ಪಾತ್ರೆಯಲ್ಲಿ ಹಾಕಿ ಕಾಲು ಗಂಟೆ ಕುದಿಸಿದರು. ಕಾರ್ಕು ಮೆತ್ತಗಾಯಿತು. ಇನ್ನೊಂದು ಬಿಲ್ಲೆ ಸೀಳಿ, ಕೆಟ್ಟ ರೇಡಿಯೋದ ಏರಿಯಲ್ ಕೊಳವೆಯ ತುಂಡನ್ನು ಅರದಿಂದ ಚೂಪು ಮಾಡಿ ಅದರಲ್ಲೇ ಮೂರು ತೂತು ಒತ್ತಿದರು. ಅಂಚು ಒಡೆಯಲಿಲ್ಲ. ಎಣ್ಣೆ ಸವರಿ ಕೂರಿಸಿ, ಸ್ಕ್ರೂ ಬಿಗಿದು, ಟ್ಯಾಪನ್ನು ಟ್ಯಾಂಕಿಗೆ ಹಾಕಿ, ಪೆಟ್ರೋಲು ಸುರಿದು, ಏಪ್ರಿಲ್ ತಿಂಗಳ ಹಾಳೆ ಹಾಸಿದರು.

ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ. ಆನ್, ಆಫ್, ರಿಸರ್ವ್ ಮೂರಕ್ಕೂ ತಿರುಗಿಸಿ ನೋಡಿದರು. ಹಿಡಿ ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿತು. ಏಪ್ರಿಲ್ ತಿಂಗಳು ಪೂರ್ತಿ ಒಣಗಿತ್ತು. ಶಾಂತವೀರಪ್ಪನವರು ಖುಷಿ ತಡೆಯಲಾಗದೆ ಒಬ್ಬರೇ ನಕ್ಕುಬಿಟ್ಟರು.

ಆಗ ಹಿತ್ತಲಿನಿಂದ ಗಂಗಮ್ಮನವರ ದನಿ ಬಂತು. "ಇಲ್ಲೊಂದು ಬಿರಡೆ ಒಣಗಕ್ಕಿಟ್ಟಿದ್ದೆ. ನೋಡಿದ್ರಾ?"

"ಯಾವ ಬಿರಡೆ?"

"ಫ್ಲಾಸ್ಕಿಂದು. ಸೀತಮ್ಮನವರ ಫ್ಲಾಸ್ಕಿಂದು."

ಶಾಂತವೀರಪ್ಪ ಮೇಜಿನ ಕಡೆ ತಿರುಗಿದರು. ಮೇಜಿನ ಮೇಲೆ ಕಾರ್ಕಿನ ಪುಡಿಯ ನಡುವೆ ಬಿರಡೆಯ ಉಳಿದ ತುಂಡು, ಎರಡು ರೂಪಾಯಿ ನಾಣ್ಯದಷ್ಟು ದಪ್ಪ, ಕೂತಿತ್ತು.

ಆ ಫ್ಲಾಸ್ಕಿನ ಕತೆ ಅವರಿಗೆ ಗೊತ್ತಿರದ್ದೇನಲ್ಲ. ತೊಂಬತ್ನಾಲ್ಕರಲ್ಲಿ ಗಂಗಮ್ಮನವರ ಕರುಳಿಗೆ ಆಪರೇಷನ್ ಆಗಿ ನಲವತ್ತೊಂದು ದಿನ ಆಸ್ಪತ್ರೆಯಲ್ಲಿದ್ದರು. ನುಚ್ಚಿನ ಗಂಜಿಯಲ್ಲದೆ ಬೇರೇನನ್ನೂ ಕೊಡುವಂತಿರಲಿಲ್ಲ. ಎರಡು ವರ್ಷದ ಲಿಖಿತಾ ಸೀತಮ್ಮನವರ ಸೆರಗು ಹಿಡಿದು ಓಡಾಡುತ್ತಿದ್ದಳು. ಸೀತಮ್ಮನವರು ಬೆಳಗಿನ ಜಾವವೇ ಸ್ನಾನ ಮಾಡಿ, ಮಡಿಯಲ್ಲಿ ಗಂಜಿ ಮಾಡಿ, ಫ್ಲಾಸ್ಕಿಗೆ ತುಂಬಿ ಐದೂವರೆಗೆ ಕೊಡುತ್ತಿದ್ದರು. ಶಾಂತವೀರಪ್ಪ ಅದನ್ನು ಬೈಕಿಗೆ ನೇತುಹಾಕಿಕೊಂಡು ಆಸ್ಪತ್ರೆಗೆ ಹೋಗಿ, ಹೆಂಡತಿಗೆ ಕುಡಿಸಿ, ಅಲ್ಲಿಂದಲೇ ಮೊದಲ ಶಿಫ್ಟಿಗೆ ಓಡುತ್ತಿದ್ದರು. ಆಸ್ಪತ್ರೆಯ ಮಂಚದ ಕೆಳಗಿಟ್ಟು ತಂದ ಫ್ಲಾಸ್ಕನ್ನು ಮಡಿಯವರು ಹೇಗೆ ಮುಟ್ಟಿಯಾರು ಎಂದು ಮೊದಲ ದಿನ ಅದನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು ದೂರ ನಿಂತಿದ್ದರು. ಸೀತಮ್ಮನವರು ಬಂದು ಸೀದಾ ಎತ್ತಿಕೊಂಡು, ಎಲ್ಲ ಕುಡಿದಳೇ ಎಂದಷ್ಟೇ ಕೇಳಿ ಒಳಗೆ ಹೋಗಿದ್ದರು. ಕಡೆಯ ದಿನ ಫ್ಲಾಸ್ಕು ಗಂಗಮ್ಮನವರ ಜೊತೆಯಲ್ಲೇ ಆಟೋದಲ್ಲಿ ಮನೆಗೆ ಬಂತು.

ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಎರಡು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಸಕ್ಕರೆ ಹಾಕಿ ಕೊಟ್ಟುಬಿಡು ಎಂದು ಶಾಂತವೀರಪ್ಪ ಆಗಲೇ ಹೇಳಿದ್ದರು. ಪ್ರಾಣ ಉಳಿಸಿದ ಪಾತ್ರೆಗೆ ಎರಡು ಚಮಚ ಸಕ್ಕರೆಯೇ ಎಂದು ಗಂಗಮ್ಮ ಕೇಳಿದ್ದರು. ಹಬ್ಬಕ್ಕೆ ಪಾಯಸ ಮಾಡಿದಾಗ ಹಾಕೋಣವೆಂದರು, ಹಬ್ಬ ಬಂದರೆ ಪಾಯಸವೂ ಕಡಿಮೆಯೆನಿಸಿತು. ಏನು ನೆನೆದರೂ ಕಡಿಮೆಯೆನಿಸಿ, ಯಡಿಯೂರಿಗೆ ಮನೆ ಬದಲಾಗಿ, ಮೇಲಿನ ಲೋಟದಂಥ ಮುಚ್ಚಳ ಎಲ್ಲೋ ಕಳೆದು, ಫ್ಲಾಸ್ಕು ಅಟ್ಟದಲ್ಲೇ ಉಳಿದಿತ್ತು. ಬುಧವಾರದ ಫೋನಿನ ಮೇಲೆ ಅದನ್ನು ಇಳಿಸಿ ತೊಳೆದದ್ದು, ಅದಕ್ಕೆ ಏನು ತುಂಬಬೇಕೆಂದು ಕೊನೆಗೂ ತೀರ್ಮಾನಿಸಿದ್ದು ಗಂಡನಿಗೆ ಗೊತ್ತಿರಲಿಲ್ಲ.

ಗಂಗಮ್ಮ ಬಾಗಿಲಲ್ಲಿ ನಿಂತು ಮೇಜನ್ನು ನೋಡಿದರು. ಬೈಯುತ್ತಾರೆಂದು ಶಾಂತವೀರಪ್ಪ ಕಾದರು.

"ಗಂಜಿ ತಗೊಂಡು ಹೋಗೋಣ ಅಂದ್ಕೊಂಡಿದ್ದೆ," ಎಂದರು ಅವರು. "ಅವ್ರು ನನಗೆ ಮಾಡ್ತಿದ್ರಲ್ಲ, ಅದೇ. ನುಚ್ಚು, ಹೆಸ್ರುಬೇಳೆ, ಜೀರಿಗೆ. ನುಚ್ಚು ಒಡೆಸ್ಕೊಂಡು ಬಂದಿದೀನಿ."

ಪ್ಲಾಸ್ಟಿಕ್ ಕವರು ಹಾಕಿ ರಬ್ಬರ್‌ಬ್ಯಾಂಡ್ ಕಟ್ಟಬಹುದೆಂದು ಶಾಂತವೀರಪ್ಪ ಸಣ್ಣ ದನಿಯಲ್ಲಿ ಹೇಳಿ, ಹೇಳಿದ್ದಕ್ಕೆ ತಾವೇ ನಾಚಿದರು. ಬೇರೆ ಡಬ್ಬಿಯಲ್ಲಿ ಒಯ್ಯಬಹುದೆಂದರು. ಫ್ಲಾಸ್ಕು ಖಾಲಿಯೇ ಉಳಿಯಿತಲ್ಲ ಎಂಬ ಉತ್ತರ ಹೆಂಡತಿಯ ಮುಖದಲ್ಲೇ ಕಂಡಿತು. ಟ್ಯಾಪಿನಿಂದ ಬಿಲ್ಲೆ ತೆಗೆದು ಅಂಟಿಸಿಕೊಡಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಮೂರು ದಿನದ ಜಂಬವೆಲ್ಲ ಇಳಿದು, ಶಾಲೆಯಲ್ಲಿ ಸ್ಲೇಟು ಒಡೆದ ಹುಡುಗನಂತೆ ನಿಂತರು.

ಗಂಗಮ್ಮ ಓಣಿಗೆ ಹೋಗಿ, ಕಷ್ಟಪಟ್ಟು ಬಗ್ಗಿ, ಟ್ಯಾಪಿನ ಕೆಳಗಿನ ಹಾಳೆಯನ್ನು ನೋಡಿದರು. ಬೆರಳಿನಿಂದ ಮುಟ್ಟಿ ಮೂಸಿ ನೋಡಿದರು.

"ನಿಂತಿದೆ," ಎಂದರು.

"ನಿಂತಿದೆ."

"ಹಂಗಾದ್ರೆ ಬಿಡಿ. ಅವ್ರು ಕೇಳಿದ್ದು ಗಾಡಿ ಸದ್ದು. ಗಂಜಿ ಕೇಳಿಲ್ಲ."

ಒಳಗೆ ಹೋಗಿ ಫ್ಲಾಸ್ಕಿಗೆ ಎರಡು ಚಮಚವಲ್ಲ, ಎರಡು ಹಿಡಿ ಸಕ್ಕರೆ ಹಾಕಿದರು. ಬಾಯಿಗೆ ಬಿಳಿಯ ಬಟ್ಟೆ ಕಟ್ಟಿದರು. ಮೂವತ್ತೊಂದು ವರ್ಷ ಒಲ್ಲೆನೆಂದ ಸಕ್ಕರೆಯೇ ಕಡೆಗೆ ಗತಿಯಾಯಿತಲ್ಲ ಎಂದು ಅವರು ಮುಖ ಸಣ್ಣದು ಮಾಡಿಕೊಂಡದ್ದನ್ನು ಶಾಂತವೀರಪ್ಪ ನೋಡಿಯೂ ನೋಡದವರಂತಿದ್ದರು.

ಭಾನುವಾರ ಬೆಳಗಿನ ಐದಕ್ಕೆ ಗಾಡಿಯನ್ನು ರಸ್ತೆಗೆ ಇಳಿಸಿದರು. ಟ್ಯಾಪನ್ನು ಆನ್‌ಗೆ ತಿರುಗಿಸಿ, ಕಾರ್ಬ್ಯುರೇಟರು ತುಂಬಲೆಂದು ಒಂದು ನಿಮಿಷ ಬಿಟ್ಟು, ಕಿಕ್ ಹೊಡೆದರು. ಮೊದಲ ಹತ್ತು ಕಿಕ್ಕಿಗೆ ಗಾಡಿ ಬರೀ ಕೆಮ್ಮಿತು. ಹನ್ನೊಂದನೆಯದಕ್ಕೆ ಎರಡು ಸೈಲೆನ್ಸರುಗಳಿಂದಲೂ ನೀಲಿ ಹೊಗೆ ಎದ್ದು, ಡುಗು ಡುಗು ಎಂದು ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿತು. ಮಹಡಿಯಿಂದ ಸೋಮನಾಥ್ ಇಣುಕಿ ಹೆಬ್ಬೆರಳು ಎತ್ತಿದ. ಗಂಗಮ್ಮ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಒಂದು ಪಕ್ಕಕ್ಕೆ ಕೂತು, ಎಷ್ಟೋ ವರ್ಷದ ಮೇಲೆ ಗಂಡನ ಭುಜದ ಮೇಲೆ ಕೈಯಿಟ್ಟರು.

ತ್ಯಾಗರಾಜನಗರ ದಾಟಿ, ಎನ್.ಆರ್. ಕಾಲೊನಿ ದಾಟಿ, ಹನುಮಂತನಗರದ ಏರಿನಲ್ಲಿ ಎರಡನೆಯ ಗೇರಿಗೆ ಹಾಕಿದರು. ತಿರುವಿನಲ್ಲಿ ಮೊಗ್ಗು ಕಟ್ಟುವ ಹೆಂಗಸು ತಲೆಯೆತ್ತಿ ನೋಡಿದಳು. ಶಾಂತವೀರಪ್ಪ ಎರಡು ಸಲ ಕೈ ಇಳಿಬಿಟ್ಟು ಟ್ಯಾಪನ್ನು ಸವರಿದರು. ಬೆರಳಿಗೆ ಏನೂ ಅಂಟಲಿಲ್ಲ.

ಸೀತಮ್ಮನವರು ಗೇಟಿನಲ್ಲೇ ನಿಂತಿದ್ದರು, ಒಂದು ಕೈಯಲ್ಲಿ ಕಂಬ ಹಿಡಿದು, ಮುಖವನ್ನು ಗಾಡಿ ಬರುವ ಕಡೆಗೆ ತಿರುಗಿಸಿಕೊಂಡು. ಗಾಡಿ ನಿಂತ ಮೇಲೂ ಎಂಜಿನ್ ಆರಿಸಬೇಡಿರೆಂದು ಸನ್ನೆ ಮಾಡಿದರು. ಸ್ವಲ್ಪ ಹೊತ್ತು ಕೇಳಿದರು. ಕಾಣದ ಕಣ್ಣು ತುಂಬಿಕೊಂಡಿತು, ಬಾಯಿ ಮಾತ್ರ ನಗುತ್ತಿತ್ತು.

"ಸದ್ದು ಸ್ವಲ್ಪ ಒಡ್ದಿದೆ. ನಮ್ ಥರಾನೇ," ಎಂದರು. "ನೀವು ಮನೆ ಬಿಟ್ಟ ಮೇಲೂ ಒಂದು ವರ್ಷ ಐದೂವರೆಗೆ ತಾನಾಗೇ ಎಚ್ಚರ ಆಗ್ತಿತ್ತು ನನಗೆ. ಕಿಕ್ ಹೊಡೀತಾರೆ ಈಗ ಅಂತ."

ಗಂಗಮ್ಮ ಫ್ಲಾಸ್ಕನ್ನು ಅವರ ಕೈಗಿಟ್ಟು ಕಾಲಿಗೆ ಬಿದ್ದರು. ಸೀತಮ್ಮನವರ ಬೆರಳು ಫ್ಲಾಸ್ಕಿನ ಮೈಯ ಮೇಲೆ ಓಡಾಡಿತು, ತಗ್ಗಿದ ಒಂದು ಜಾಗದಲ್ಲಿ ನಿಂತಿತು, ಗುರುತು ಹಿಡಿಯಿತು. ಮೇಲೆ ಬಂದು ಬಟ್ಟೆಯ ಮೇಲೆ ನಿಂತಿತು. ಬಿರಡೆ ಎಲ್ಲಿ ಎಂದು ಅವರು ಕೇಳುವ ಮೊದಲೇ ಶಾಂತವೀರಪ್ಪ ತಪ್ಪೊಪ್ಪಿಕೊಂಡರು. ಮೂರು ದಿನದ ಕತೆಯನ್ನೆಲ್ಲ ಹೇಳಿದರು, ವೈನ್ ಶಾಪನ್ನೂ ಬಿಡಲಿಲ್ಲ.

"ಎಲ್ಲಿದೆ, ತೋರ್ಸಿ," ಎಂದರು ಸೀತಮ್ಮನವರು.

ಶಾಂತವೀರಪ್ಪ ಅವರ ಕೈ ಹಿಡಿದು ಬಗ್ಗಿಸಿ, ತೋರುಬೆರಳನ್ನು ಟ್ಯಾಪಿನ ಮೇಲಿಟ್ಟರು. ಮಡಿಯ ಹೆಂಗಸಿನ ಕೈಯನ್ನು ತಾವು ಹಿಡಿದದ್ದು ಅದೇ ಮೊದಲೆಂದು ಆಮೇಲೆ ಹೊಳೆಯಿತು. ಅವರು ಹಿಡಿಯನ್ನು, ಹೊಸ ಸ್ಕ್ರೂಗಳನ್ನು, ಅಡಿಯನ್ನು ಸಾವಕಾಶವಾಗಿ ಮುಟ್ಟಿ ನೋಡಿ, ಗಂಜಿ ತಡೀತಿದ್ದದ್ದು ಈಗ ಪೆಟ್ರೋಲು ತಡೀತಿದೆ ಅನ್ನಿ, ಎಂದು ಮಗುವಿನಂತೆ ನಕ್ಕರು.

ಆ ನಗೆಯಲ್ಲಿ ಶಾಂತವೀರಪ್ಪನವರಿಗೆ ಧೈರ್ಯ ಬಂತು. ಇಷ್ಟು ವರ್ಷ ಹಬ್ಬಕ್ಕೆ ಹೋಗಿ ಹಣ್ಣು ಕೊಟ್ಟು ಬಂದರೂ ಆಡದೇ ಉಳಿದಿದ್ದ ಮಾತದು.

"ಅಮ್ಮ, ಅವತ್ತು ನೀವಿಲ್ದಿದ್ರೆ ಇವಳು ನನಗೆ ಉಳೀತಿರ್ಲಿಲ್ಲ. ಒಂದ್ಸಲಾನೂ ಹೇಳ್ಲಿಲ್ಲ ನಾನು."

"ದಿನಾ ಹೇಳ್ತಿದ್ರಲ್ಲ," ಎಂದರು ಸೀತಮ್ಮನವರು. "ಖಾಲಿ ಫ್ಲಾಸ್ಕ್ ತಂದು ಕಲ್ಲಿನ ಮೇಲಿಟ್ಟು, ಪೂರ್ತಿ ಕುಡಿದ್ಳು ಅಮ್ಮ, ಅಂತ. ಅದಕ್ಕಿಂತ ಇನ್ನೇನ್ ಬೇಕಿತ್ತು ನನಗೆ."

ಒಳಗೆ ಮನೆಯೆಲ್ಲ ರಟ್ಟಿನ ಪೆಟ್ಟಿಗೆಗಳಾಗಿತ್ತು. ಅಡುಗೆಮನೆಯಲ್ಲಿ ಉಳಿದದ್ದು ಒಂದು ಒಲೆ, ಹಾಲಿನ ಪಾತ್ರೆ, ಕಾಫಿ ಫಿಲ್ಟರು. ಗಂಗಮ್ಮ ಸಂಕೋಚದಿಂದ, ಬರೀ ಸಕ್ಕರೆ ಅಮ್ಮ, ಬೇರೇನೂ ತರೋಕಾಗ್ಲಿಲ್ಲ, ಎಂದರು. ಸೀತಮ್ಮನವರು ಬಟ್ಟೆ ಬಿಚ್ಚಿ, ಒಂದು ಹರಳನ್ನು ನಾಲಿಗೆಗಿಟ್ಟುಕೊಂಡು, ಮಗಳನ್ನು ಕೂಗಿದರು. ಸಕ್ಕರೆ ಡಬ್ಬಿಯನ್ನು ನಿನ್ನೆಯೇ ಯಾವುದೋ ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿಬಿಟ್ಟಿದ್ದರಂತೆ. ಈ ಮನೆಯ ಕಡೆಯ ಕಾಫಿಯನ್ನು ಸಕ್ಕರೆಯಿಲ್ಲದೆ ಕುಡಿಯಬೇಕಲ್ಲ ಎಂದು ತಾಯಿ ಮಗಳು ಎದ್ದಾಗಿನಿಂದ ಮುನಿಸಿಕೊಂಡು ಕೂತಿದ್ದರಂತೆ. ಗಂಗಮ್ಮ ಗಂಡನ ಮುಖ ನೋಡಿದರು. ನಿನ್ನೆಯಿಂದ ಬಿಗಿದುಕೊಂಡಿದ್ದ ಅವರ ಮುಖ ಆಗ ಸಡಿಲವಾಯಿತು.

ನಾಲ್ವರೂ ನಿಂತುಕೊಂಡೇ ಕಾಫಿ ಕುಡಿದರು. ಹೊರಡುವ ಹೊತ್ತಿಗೆ ಸೀತಮ್ಮನವರು, ತಾಳಿ ಎಂದು ಹೇಳಿ ಒಳಗೆ ಹೋದರು. ಉಳಿದ ಸಕ್ಕರೆಯನ್ನು ಪೇಪರಿಗೆ ಸುರಿಯುವ, ಫ್ಲಾಸ್ಕನ್ನು ಬಿಸಿನೀರಿನಲ್ಲಿ ಗಲಬರಿಸುವ ಸದ್ದು ಕೇಳಿತು. ಬೆರಳನ್ನು ಅದರ ಬಾಯಿಯ ಅಂಚಿಗಿಟ್ಟುಕೊಂಡು, ಬಿಸಿ ತಾಗುವವರೆಗೆ ಉಳಿದ ಕಾಫಿಯನ್ನೆಲ್ಲ ತುಂಬಿ, ಗೋಡೆ ಸವರಿಕೊಂಡು ಬಂದು ಗಂಗಮ್ಮನವರ ಕೈಗಿಟ್ಟರು. ಇದು ನಿಮ್ಮದಲ್ಲವೇ ಅಮ್ಮ, ಕೊಡಲೆಂದೇ ತಂದದ್ದು, ಎಂದು ಗಂಗಮ್ಮ ತಡವರಿಸಿದರು.

"ಕೊಟ್ಟಾಯ್ತಲ್ಲ. ಈಗ ನಾನು ಕೊಡ್ತಿದೀನಿ. ಖಾಲಿ ಹೆಂಗ್ ಕೊಡ್ಲಿ?"

ಬಿರಡೆಯಿಲ್ಲ, ಬಟ್ಟೆ ಕಟ್ಟಿದರೆ ಕಾಫಿ ನಿಲ್ಲುವುದಿಲ್ಲ. ಗಂಗಮ್ಮ ಫ್ಲಾಸ್ಕನ್ನು ಮಡಿಲಿಗೆ ಒತ್ತಿಕೊಂಡು, ಸೆರಗಿನ ತುದಿಯನ್ನು ಮಡಿಸಿ ಅದರ ಬಾಯಿಗಿಟ್ಟು, ಮೇಲೆ ಅಂಗೈ ಮುಚ್ಚಿದರು. ಗೇಟಿನಲ್ಲಿ ಸೀತಮ್ಮನವರು ಕಿವಿಗೊಟ್ಟು ನಿಂತಿದ್ದರು. ಕಿಕ್ ಹೊಡೆದರೆ ಒಂದೇ ಸಲಕ್ಕೆ ಹೊತ್ತಿಕೊಂಡಿತು. ತಿರುವಿನವರೆಗೂ, ತಿರುವು ದಾಟಿ ಇಳಿಜಾರಿಗೆ ಬಂದ ಮೇಲೂ, ಆ ಸದ್ದು ಅಲ್ಲಿಗೆ ಕೇಳಲಿ ಎಂದು ಶಾಂತವೀರಪ್ಪ ಎರಡನೆಯ ಗೇರಿನಲ್ಲೇ ನಿಧಾನವಾಗಿ ನಡೆಸಿದರು.

ಯಡಿಯೂರಿಗೆ ಬರುವಷ್ಟರಲ್ಲಿ ಬಿಸಿಲು ಹರಡಿತ್ತು. ಮನೆಯ ಮುಂದೆ ಗಾಡಿ ನಿಲ್ಲಿಸಿ, ಟ್ಯಾಪು ಆಫ್ ಮಾಡಿ, ಅಭ್ಯಾಸದಿಂದ ಅದರ ಅಡಿಯನ್ನೊಮ್ಮೆ ಸವರಿದರು. ಒಣಗಿತ್ತು. ಇಳಿ ಎಂದು ಹೇಳಲು ತಿರುಗಿದರು. ಗಂಗಮ್ಮ ಹಿಂದಿನ ಸೀಟಿನ ಮೇಲೆ ಹಾಗೆಯೇ ಕೂತಿದ್ದರು. ಬಿಸಿಗೆ ಅಂಗೈಯ ಅಂಚು ಕೆಂಪಾಗಿತ್ತು, ಅವರು ಇನ್ನೂ ಕೈ ತೆಗೆದಿರಲಿಲ್ಲ.